ಬ್ರೇಕಮ್ಮನ ಅರ್ಧ ಹೊಳೆಯುವ ಕಾರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾರುಕಟ್ಟೆಯ ಹಿಂದಿನ ಖಾಲಿ ಮೈದಾನದಲ್ಲಿ ಒಂದು ಹಳೆಯ ಕಾರು ನಾಲ್ಕು ಮಾರು ಮುಂದೆ ಹೋಗುತ್ತದೆ, ಗಕ್ಕನೆ ನಿಲ್ಲುತ್ತದೆ, ಕೆಮ್ಮುತ್ತದೆ, ಮತ್ತೆ ಹೊರಡುತ್ತದೆ. ಸ್ಟೀರಿಂಗ್ ಹಿಡಿದು ಕೂತವರು ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಇಲ್ಲಿಗೇ ಬಂದ ನರ್ಸು. ಪಕ್ಕದ ಎಡ ಸೀಟಿನಲ್ಲಿ ಕೂತವರು ಅವರ ಗುರು. ಈ ಗುರುವಿನ ಎಡಗೈಯಲ್ಲಿ ಚಹಾದ ಲೋಟ, ಬಲಗಾಲ ಕೆಳಗೆ ಇನ್ನೊಂದು ಬ್ರೇಕು. ಕಾರು ಎಷ್ಟೇ ಕುಪ್ಪಳಿಸಲಿ, ಲೋಟದ ಚಹಾ ತುಳುಕುವುದಿಲ್ಲ.

ನರ್ಸಿನ ಕೈ ನಡುಗುತ್ತಿದೆ. ಹಸುಗೂಸಿನ ನೂಲಿನಂಥ ನರಕ್ಕೆ ಸೂಜಿ ಹಾಕುವಾಗ ನಡುಗದ ಕೈ ಅದು. "ಮೇಡಂ, ಕಂಬಕ್ಕೆ ಉಜ್ಜಿಬಿಟ್ರೆ?" ಎಂದು ಕೇಳುತ್ತಾರೆ.

"ಉಜ್ಜಲಿ ಬಿಡಿ. ಇದು ಗಾಯ ಆಗೋ ಗಾಡಿ ಅಲ್ಲ, ಗಾಯ ಆಗಿ ಮುಗಿದಿರೋ ಗಾಡಿ," ಎನ್ನುತ್ತಾರೆ ಗುರು. ನರ್ಸು ನಗುತ್ತಾರೆ. ಕಾರು ಈ ಸಲ ಕೆಮ್ಮದೆ ಹೊರಡುತ್ತದೆ.

ಊರಿನ ಬಾಯಲ್ಲಿ ಇವರ ಹೆಸರು ಬ್ರೇಕಮ್ಮ. ಮೊದಲು ಯಾರೋ ಗೇಲಿಗೆ ಇಟ್ಟದ್ದು, ಆಮೇಲೆ ಅದೇ ನಿಂತಿತು. ಅವರಿಗೂ ಬೇಸರವಿಲ್ಲ. "ಜನ ಏನೇನೋ ಹೆಸರಿಡ್ತಾರೆ. ನಂದು ಕೆಲಸಕ್ಕೆ ಬರೋ ಹೆಸರು," ಎನ್ನುತ್ತಾರೆ.

ಬ್ರೇಕಮ್ಮ ಮೊದಲು ಡ್ರೈವಿಂಗ್ ಸ್ಕೂಲೊಂದರಲ್ಲಿ ಫೋನ್ ಎತ್ತುವ ಕೆಲಸಕ್ಕಿದ್ದವರು. ಅಲ್ಲಿ ಕಲಿಸುವಾತನ ಬಾಯಿ ಬಹಳ ಜೋರು. ಕಲಿಯಲು ಬಂದ ಹೆಂಗಸರು ಮುಖ ಊದಿಸಿಕೊಂಡು ಇಳಿದು ಬಂದು ಇವರ ಮೇಜಿನ ಮುಂದೆ ಮೂಗೊರೆಸಿಕೊಳ್ಳುತ್ತಿದ್ದರು. ನೀರು ಕೊಟ್ಟು ಕೊಟ್ಟು ಇವರಿಗೆ ಸಾಕಾಯಿತು. "ನೀರು ಕೊಡೋದರ ಬದಲು ನಾನೇ ಕಲಿಸಿದ್ರೆ ಏನು ಅನ್ನಿಸ್ತು. ಆದ್ರೆ ನನಗೇ ಓಡಿಸೋಕೆ ಬರ್ತಿರಲಿಲ್ಲ ನೋಡಿ!" ಎಂದು ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕಲಿತರು, ಪರವಾನಗಿ ಪಡೆದರು, ಯಾರೋ ಮಾರಲು ಇಟ್ಟಿದ್ದ ಈ ಕಾರನ್ನು ತಂದರು. ಗಂಡನ ಕಸುಬು ಸೀಟ್ ಕವರ್ ಹೊಲಿಯುವುದು. ಅವರು ಉಳಿದ ತುಂಡುಗಳನ್ನೇ ಜೋಡಿಸಿ ಸೀಟುಗಳಿಗೆ ಅಂಗಿ ತೊಡಿಸಿದರು. ಆದ್ದರಿಂದ ಮುಂದಿನ ಸೀಟು ಕಂದು, ಹಿಂದಿನದು ಹಸಿರು.

ಆರಂಭದಲ್ಲಿ ಕಂಡವರೆಲ್ಲ ಮೂಗು ಮುರಿದವರೇ. ಸಿಗ್ನಲ್ಲಿನಲ್ಲಿ ಕಾರು ಆರಿಹೋದರೆ ಹಿಂದಿನವರು ಹಾರ್ನ್ ಹೊಡೆಯುವುದರ ಜೊತೆಗೆ ಬುದ್ಧಿಮಾತನ್ನೂ ಹೇಳುತ್ತಿದ್ದರು. ಕೂತು ಕೂತು ಸೊಂಟ ಹಿಡಿದಿದೆ. ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಬೇಗ ಸವೆಯುತ್ತದೆ. ಆದರೂ ಬೇರೆ ಕಡೆ ಹೆದರಿ ಓಡಿಬಂದವರು, ಅರವತ್ತು ದಾಟಿದ ಮೇಲೆ ಆಸೆ ಹುಟ್ಟಿದವರು, ಸೈಕಲ್ ಕೂಡ ತುಳಿಯದವರು, ಎಲ್ಲರೂ ಹುಡುಕಿಕೊಂಡು ಬಂದದ್ದು ಇವರ ಬಳಿಗೇ.

ಬರುತ್ತಿದ್ದರು ಎನ್ನಬೇಕು. ಈಚೆಗೆ ಅದೇ ರಸ್ತೆಯ ತುದಿಯಲ್ಲಿ ಹೊಸದೊಂದು ಡ್ರೈವಿಂಗ್ ಸ್ಕೂಲು ತೆರೆದಿದೆ. ಬಾಗಿಲಿನ ಮುಂದೆ ಕನ್ನಡಿಯಂತೆ ಮಿನುಗುವ ಮೂರು ಕಾರು. ವಿಚಾರಿಸಲು ಬಂದವರು ಬ್ರೇಕಮ್ಮನ ಕಾರನ್ನು ಒಂದು ಸುತ್ತು ಹಾಕುತ್ತಾರೆ, ಬಾಗಿಲ ಮೇಲಿನ ಗೀರುಗಳನ್ನು ನೋಡುತ್ತಾರೆ, "ಮನೇಲಿ ಕೇಳಿ ಹೇಳ್ತೀನಿ" ಎಂದು ಹೋದವರ ಪತ್ತೆಯೇ ಇರುವುದಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಕರಗಿ, ಬೆಳಗಿನ ಹೊತ್ತಿಗೆ ಉಳಿದವರು ಈ ನರ್ಸು ಒಬ್ಬರೇ.

"ಹೀಗೇ ಆದ್ರೆ ನಾನು ವಾಪಸ್ ಫೋನ್ ಎತ್ತೋಕೆ ಹೋಗ್ಬೇಕು," ಎಂದು ಬ್ರೇಕಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ಹೇಳಿದ ದಿನವೇ ಡೀಟೇಲಿಂಗ್ ಎಂಬ ಶಬ್ದ ಆ ಮನೆಯೊಳಗೆ ಕಾಲಿಟ್ಟದ್ದು. ತಂದವರು ನಾದಿನಿ. "ಅತ್ತಿಗೆ, ಒಂದ್ಸಲ ಡೀಟೇಲಿಂಗ್ ಮಾಡಿಸಿಬಿಡಿ. ಹೊಸ ಕಾರು ಬಂತೇನೋ ಅನ್ನಬೇಕು ಜನ."

"ಹಂಗಂದ್ರೆ ತೊಳೆಯೋದಾ?"

"ಅಯ್ಯೋ, ತೊಳೆಯೋದಲ್ಲ!"

ಏನು ಎಂದು ನಾದಿನಿಗೂ ಗೊತ್ತಿಲ್ಲ. ಗಂಡನನ್ನು ಕೇಳಿದರೆ ಬೆಳಗ್ಗೆ ತಿಂಡಿಯ ಹೊತ್ತಿಗೆ "ಮಾಡಿಸು, ಗಿರಾಕಿ ನೋಡೋದೇ ಹೊರಗಡೆನ" ಎಂದರು. ಮಧ್ಯಾಹ್ನ ಊಟಕ್ಕೆ ಬಂದವರು "ಬೇಡ ಬಿಡು, ಮುಖಕ್ಕೆ ಪೌಡರ್ ಹಚ್ಚಿದ್ರೆ ಮೊಣಕಾಲು ನೋವು ಹೋಗುತ್ತಾ?" ಎಂದರು. ಸಂಜೆ ಮತ್ತೆ ಮಾಡಿಸು. ಬ್ರೇಕಮ್ಮನಿಗೆ ತಲೆ ಚಿಟ್ಟು ಹಿಡಿಯಿತು.

ನೋಡಿಯೇ ಬಿಡೋಣವೆಂದು ಅವರು ಕಾರಿನ ಸಮೇತ ಪಾಲಿಶ್ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಒಳ್ಳೆಯ ಮಾತುಗಾರ. ಬಣ್ಣದ ಮೇಲೆ ಒಂದು ಪದರ ಇರುತ್ತದಂತೆ, ಆ ಪದರದೊಳಗೆ ಕಣ್ಣಿಗೆ ಕಾಣದ ಗೀರುಗಳಿರುತ್ತವಂತೆ. "ಕಣ್ಣಿಗೆ ಕಾಣೋ ಗೀರೇ ಇಷ್ಟಿವೆಯಲ್ಲಪ್ಪಾ, ಕಾಣದ್ದನ್ನ ಯಾಕೆ ಹುಡುಕ್ತೀಯ?" ಎಂದು ಬ್ರೇಕಮ್ಮ ಕೇಳುತ್ತಾರೆ. ಅವನು ಅಂಟಿದ ಕೊಳೆ ಕೀಳಲು ಮಣ್ಣುಂಡೆ ಹಾಕಿ ತಿಕ್ಕುತ್ತೇನೆ ಎನ್ನುತ್ತಾನೆ. ತೊಳೆಯಲು ತಂದ ಕಾರಿಗೆ ಮಣ್ಣು ಯಾಕೆ ಹಾಕುತ್ತಾನೆ ಎಂಬುದು ಇವರಿಗೆ ತಿಳಿಯುವುದಿಲ್ಲ. ಕೊನೆಗೆ ಅವನು ಹೇಳಿದ ದರ ಕೇಳಿ ಇವರು ಬೀಗದ ಕೈಯನ್ನು ಮುಷ್ಟಿಯೊಳಗೆ ಬಿಗಿ ಹಿಡಿದುಕೊಳ್ಳುತ್ತಾರೆ.

"ಮೇಡಂ, ನೀವು ಈಗಲೇ ಏನೂ ಹೇಳ್ಬೇಡಿ," ಎನ್ನುತ್ತಾನೆ ಅವನು. "ಬಾನೆಟ್ಟಲ್ಲಿ ಅರ್ಧ ಭಾಗ ಮಾಡಿ ತೋರಿಸ್ತೀನಿ. ಬಿಟ್ಟಿ. ಎರಡನ್ನೂ ಪಕ್ಕಪಕ್ಕ ನೋಡಿ, ನಿಮ್ಮ ಮನಸ್ಸೇ ಹೇಳುತ್ತೆ." ಇದು ಆ ಕಸುಬಿನ ಹಳೆಯ ಪಟ್ಟು. ನಟ್ಟನಡುವೆ ಪಟ್ಟಿ ಅಂಟಿಸಿ ಒಂದು ಪಕ್ಕ ಮಾತ್ರ ಉಜ್ಜುತ್ತಾರೆ. ಅರ್ಧ ಮಿರಿಮಿರಿ, ಅರ್ಧ ಮಂಕು. ಅಂಥ ಕಾರಿನಲ್ಲಿ ಯಾರು ತಾನೇ ಮನೆಗೆ ಹೋಗುತ್ತಾರೆ?

"ಕಲೆ ಎಲ್ಲ ತೆಗೀಲಾ ಮೇಡಂ?"

"ತೆಗಿಯಪ್ಪಾ, ಕಲೆ ಇಟ್ಕೊಂಡು ನಾನೇನು ಮಾಡಲಿ?"

ಎಡವಟ್ಟಾದದ್ದು ಇಲ್ಲಿಯೇ. ಬಾನೆಟ್ಟಿನ ನಡುವೆ, ಮುಂದಿನ ಅಂಚಿಗೆ, ಬ್ರೇಕಮ್ಮ ಕೆಂಪು ಉಗುರು ಬಣ್ಣದಿಂದ ಒಂದು ಚುಕ್ಕೆ ಇಟ್ಟಿದ್ದರು. ಸ್ಟೀರಿಂಗ್ ಹಿಡಿದು ಕೂತವರಿಗೆ ರಸ್ತೆಯ ಎಡ ಅಂಚು ಬಂದು ಆ ಚುಕ್ಕೆಯನ್ನು ಮುಟ್ಟಿದಂತೆ ಕಂಡರೆ, ಎಡ ಚಕ್ರ ಅಂಚಿನಿಂದ ಒಂದು ಮೊಳ ದೂರದಲ್ಲಿದೆ ಎಂದು ಅರ್ಥ. ಬಲಗಡೆ ಕೂತವರಿಗೆ ಎಡಗಡೆ ಕಾಣುವುದಿಲ್ಲವಲ್ಲ, ಕಲಿಯುವವರು ತಡವರಿಸುವುದೇ ಅಲ್ಲಿ. ಕುಳ್ಳಗಿದ್ದವರಿಗೆ ಒಂದು ದಿಂಬು, ಎಲ್ಲರಿಗೂ ಒಂದೇ ಚುಕ್ಕೆ. ಇವರ ಕೈಯಲ್ಲಿ ಕಲಿತವರೆಲ್ಲ ಆ ಚುಕ್ಕೆ ನೋಡಿಯೇ ಕಲಿತವರು. ಅದೂ ಒಂದು ಕಲೆಯಂತೆ ಕಾಣುತ್ತದೆ ಎಂದು ಇವರಿಗೆ ಹೊಳೆಯಲೇ ಇಲ್ಲ. ಇವರು ಬೀದಿಯಾಚೆ ಚಹಾ ಕುಡಿದು ಬರುವುದರೊಳಗೆ ಅಂಗಡಿಯವನು ಅದನ್ನು ಗುಲಗಂಜಿಯಷ್ಟೂ ಉಳಿಸದೆ ಒರೆಸಿ ಹಾಕಿದ್ದ.

ಬಂದು ನೋಡಿದರೆ ಇವರ ಕಣ್ಣು ಹೋದದ್ದು ಬೇರೆ ಕಡೆ. ಓಡಿಸುವವರು ಕೂರುವ ಬಲಗಡೆಯ ಅರ್ಧ ನೀಲಿ! ಇಷ್ಟು ವರ್ಷ ಫೋನಿನಲ್ಲಿ "ಬೂದು ಕಾರು" ಎಂದು ಗುರುತು ಹೇಳುತ್ತಿದ್ದವರು, ತಮ್ಮದು ನೀಲಿ ಕಾರು ಎಂಬುದನ್ನೇ ಮರೆತಿದ್ದರು. ಎಡಗಡೆ ಹಳೆಯ ಬೂದು. ನಡುವೆ ಎಳೆ ಹಿಡಿದಂತೆ ಒಂದು ನೇರ ಗೆರೆ.

"ನನ್ನ ಮನಸ್ಸೇ ಹೇಳುತ್ತೆ ಅಂದಿದ್ದ. ಏನೂ ಹೇಳ್ಲಿಲ್ಲ. ನೀಲಿ ನೋಡಿದ್ರೆ ಬೂದು ಕೊಳಕು ಅನ್ಸುತ್ತೆ, ಬೂದು ನೋಡಿದ್ರೆ ನೀಲಿ ಯಾರದೋ ಕಾರು ಅನ್ಸುತ್ತೆ," ಎಂದು ಅವರು ನೆನೆಯುತ್ತಾರೆ. ನಾಳೆ ಹೇಳುತ್ತೇನೆ ಎಂದು ಆ ಎಡಬಿಡಂಗಿ ಕಾರಿನಲ್ಲೇ ಮನೆಗೆ ಬರುತ್ತಾರೆ. ಅಂಗಡಿಯವನ ಮುಖ ನೋಡುವಂತಿತ್ತಂತೆ. ಅರ್ಧ ಬಾನೆಟ್ಟಿನಲ್ಲಿ ಹೊರಟ ಗಿರಾಕಿಯನ್ನು ಅವನು ಕಂಡಿರಲಿಲ್ಲ.

ಮರುದಿನ ಬೆಳಗ್ಗೆ ನರ್ಸು ಬಂದು ಕಾರಿನ ಮುಂದೆ ನಿಂತೇಬಿಟ್ಟರು. ಚಪ್ಪಲಿಯ ಮಣ್ಣು ಕೊಡವಿ, ಸೀಟಿನ ತುದಿಯಲ್ಲಿ ಮುದುರಿ ಕೂತರು. "ಮೇಡಂ, ಇದಕ್ಕೆ ಗೀರು ಬಿದ್ರೆ ಏನು ಗತಿ? ಮೊದಲು ಕಲಿಯೋಕೆ ಹೋಗಿದ್ದ ಕಡೆ ಒಂದು ಗೀರಿಗೆ ನನ್ನನ್ನ ಬೀದೀಲಿ ಬೈದಿದ್ರು." ಅಲ್ಲಿಂದಲೇ ಅವರ ಕೈನಡುಕ, ಎರಡು ಸಲ ಪರೀಕ್ಷೆಯಲ್ಲಿ ಸೋತದ್ದೂ ಅದರಿಂದಲೇ. ಮೂರನೆಯ ಪರೀಕ್ಷೆ ಹತ್ತಿರ ಬಂದಿತ್ತು. ಹೊಳಪು ನೋಡಿ ಜನ ಬರಲಿ ಎಂದರೆ, ಇದ್ದ ಒಬ್ಬರೂ ಹೊಳಪು ನೋಡಿಯೇ ಹೆದರುತ್ತಿದ್ದಾರೆ!

"ಏನೂ ಆಗಲ್ಲ, ಹೊರಡಿ. ಚುಕ್ಕೆ ನೋಡಿ, ಚುಕ್ಕೆ."

"ಚುಕ್ಕೆ ಎಲ್ಲಿ ಮೇಡಂ?"

ಇಬ್ಬರೂ ಗಾಜಿನಾಚೆ ಇಣುಕಿದರು. ಚುಕ್ಕೆ ಇಲ್ಲ. ಕಾರು ಮಾತ್ರ ಹೋಗುತ್ತಲೇ ಇದೆ. ಬ್ರೇಕಮ್ಮನ ಬಲಗಾಲು ಒತ್ತಿದಾಗ ಎಡ ಚಕ್ರ ಚರಂಡಿಯ ಅಂಚಿನಲ್ಲಿತ್ತು. ಅಂದು ಮೊದಲ ಬಾರಿಗೆ ಲೋಟದ ಚಹಾ ಅವರ ಸೀರೆಯ ಮೇಲೆ ಚೆಲ್ಲಿತು. "ಅಷ್ಟೊತ್ತಿಗೆ ಅರ್ಥ ಆಯ್ತು, ಕಲೆ ತೆಗಿ ಅಂತ ನಾನೇ ಹೇಳಿದ್ದು ಅಂತ. ಯಾರನ್ನ ಬೈಯಲಿ? ಅಳು ಬಂತು. ಹೌದು, ಅತ್ತೇಬಿಟ್ಟೆ," ಎನ್ನುತ್ತಾರೆ ಅವರು. ಯಾವಾಗಲೂ ಶಿಷ್ಯೆಯರಿಗೆ ನೀರು ಕೊಡುತ್ತಿದ್ದವರಿಗೆ ಅಂದು ಶಿಷ್ಯೆ ನೀರು ಕೊಟ್ಟರು.

ಬಾಟಲಿಯ ಮುಚ್ಚಳ ತಿರುಗಿಸುತ್ತಾ ನರ್ಸು ಮುಂದೆ ನೋಡುತ್ತಿದ್ದರು. "ಮೇಡಂ, ಚುಕ್ಕೆ ಇದ್ದದ್ದು ನಡುವೆ ತಾನೇ? ಈ ಗೆರೆ ಇರೋದೂ ನಡುವೇನೇ ಅಲ್ವಾ?"

ಬ್ರೇಕಮ್ಮ ಕಣ್ಣೊರೆಸಿಕೊಂಡು ನೋಡಿದರು. ಬೂದು ಮುಗಿದು ನೀಲಿ ಶುರುವಾಗುವ ಆ ಗೆರೆ, ಗಾಜಿನ ಬುಡದಿಂದ ಬಾನೆಟ್ಟಿನ ಮೂಗಿನವರೆಗೆ ನೆಟ್ಟಗೆ ಓಡಿತ್ತು. ಅದರ ತುದಿ ಚುಕ್ಕೆಯಿದ್ದ ಜಾಗದಲ್ಲೇ. "ರಿವರ್ಸ್ ತಗೊಳ್ಳಿ, ನೋಡೋಣ," ಎಂದರು. ನರ್ಸು ಹಿಂದೆ ಸರಿದು, ಗೆರೆಯ ತುದಿಗೆ ರಸ್ತೆಯ ಅಂಚನ್ನು ಮುಟ್ಟಿಸಿಕೊಂಡು ಹೊರಟರು. ಚುಕ್ಕೆಯಾದರೆ ಹುಡುಕಬೇಕಿತ್ತು, ಗೆರೆ ತಾನಾಗಿ ಕಣ್ಣಿಗೆ ಬೀಳುತ್ತಿತ್ತು. ಮೈದಾನದ ಸುತ್ತಲಿನ ರಸ್ತೆಯಲ್ಲಿ ಕಾರು ಅಂಚಿನಿಂದ ಒಂದು ಮೊಳ ದೂರದಲ್ಲೇ ಹೋಯಿತು. ನಾಲ್ಕನೆಯ ಸುತ್ತಿಗೆ ನರ್ಸು ಸೀಟಿನ ತುದಿ ಬಿಟ್ಟು ಹಿಂದಕ್ಕೆ ಒರಗಿ ಕೂತಿದ್ದರು.

ಪರೀಕ್ಷೆಯ ದಿನ ಅಧಿಕಾರಿ ಬಾನೆಟ್ಟು ನೋಡಿ ಹುಬ್ಬೇರಿಸುತ್ತಾರೆ. "ಇದೇನಮ್ಮಾ, ಅರ್ಧ ತೊಳೆದು ಬಂದಿದೀರಿ? ನೀರು ಖಾಲಿಯಾಯ್ತಾ?" ಸುತ್ತ ಇದ್ದವರು ಗೊಳ್ಳೆಂದು ನಗುತ್ತಾರೆ. ಬ್ರೇಕಮ್ಮ ಬೇಲಿಯ ಹೊರಗೆ ನಿಂತು, ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತುತ್ತಲೇ ಇರುತ್ತಾರೆ. ನರ್ಸು ನಗುವವರ ಕಡೆ ನೋಡುವುದಿಲ್ಲ, ಗೆರೆ ಬಿಟ್ಟು ಕಣ್ಣು ಕದಲಿಸುವುದಿಲ್ಲ. ಪಾಸಾಗಿ ಇಳಿದು ಬಂದವರು ಗುರುವನ್ನು ಗಟ್ಟಿಯಾಗಿ ತಬ್ಬಿಕೊಳ್ಳುತ್ತಾರೆ. ಇನ್ನು ನರ್ಸಿಗೆ ಹಗಲು ಪಾಳಿ. ಕಾರು ಓಡಿಸಿಕೊಂಡು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ.

ಈಗ ಪಾಲಿಶ್ ಅಂಗಡಿಯವನೇ ದಿನಾ ಬಂದು ಗೇಟು ಬಡಿಯುತ್ತಾನೆ. "ಮೇಡಂ, ನಿಮ್ಮ ಗಾಡಿ ಊರೆಲ್ಲ ತಿರುಗ್ತಾ ಇದೆ. ನನ್ನ ಅಂಗಡಿ ಮಾನ ಹೋಗ್ತಾ ಇದೆ. ಉಳಿದದ್ದನ್ನೂ ಬಿಟ್ಟಿ ಮಾಡಿಕೊಡ್ತೀನಿ, ಕೈ ಮುಗೀತೀನಿ."

ಇದರಿಂದ ಬ್ರೇಕಮ್ಮನ ಗೊಂದಲ ಕಡಿಮೆಯಾಗಿದೆಯೇ? ಎಲ್ಲಿಯ ಮಾತು! "ದುಡ್ಡು ಕೇಳಿದಾಗ ಬೇಡ ಅನ್ನೋದು ಸಲೀಸಿತ್ತು. ಬಿಟ್ಟಿ ಅಂದ್ರೆ ಬೇಡ ಅನ್ನೋಕೆ ಕಾರಣ ಹೇಳ್ಬೇಕಲ್ಲ. ಗೆರೆ ಬೇಕು ಅಂದ್ರೆ ಅವನು ನಗಲ್ವಾ? ಚುಕ್ಕೆ ಮತ್ತೆ ಇಟ್ಕೋಬಹುದು, ನಿಜ. ಆದ್ರೆ ನನ್ನ ಹತ್ರ ಬರೋರು ಫಳಫಳ ಅಂದ್ರೆ ಹೆದರೋರು. ಪೂರ್ತಿ ಮಂಕಾಗಿದ್ರೆ ಬಂದೋರು ನಿಲ್ಲಲ್ಲ. ಏನ್ ಮಾಡೋದು, ಹೇಳಿ?" ಪಕ್ಕದಲ್ಲಿ ಸೀಟ್ ಕವರಿಗೆ ಸೂಜಿ ಹಾಕುತ್ತಿದ್ದ ಗಂಡ "ಮಾಡಿಸು" ಎನ್ನುತ್ತಾರೆ, ತುಸು ತಡೆದು "ಬೇಡ ಬಿಡು" ಎನ್ನುತ್ತಾರೆ.

ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ನರ್ಸಿನ ಆಸ್ಪತ್ರೆಯಿಂದ, ಕಸ ಗುಡಿಸುವ ಕೆಲಸದ ಹೆಂಗಸೊಬ್ಬರು. ದನಿ ಮೆತ್ತಗಿದೆ. ನನಗೆ ತುಂಬ ಭಯ, ಆದ್ರೂ ಕಲೀಬೇಕು ಅಂತ ಆಸೆ, ನಾಳೆ ಮೈದಾನಕ್ಕೆ ಬಂದ್ರೆ ನಿಮ್ಮ ಗಾಡಿ ಹೇಗೆ ಗುರುತು ಹಿಡೀಲಿ ಎಂದು ಕೇಳುತ್ತಿದ್ದಾರೆ.

ಬೂದು ಕಾರು ಎನ್ನಲು ಬ್ರೇಕಮ್ಮ ಬಾಯಿ ತೆರೆದು, ನಿಲ್ಲಿಸುತ್ತಾರೆ. ಕಿಟಕಿಯಾಚೆ ನಿಂತ ಕಾರನ್ನು ನೋಡುತ್ತಾರೆ. "ಅರ್ಧ ಹೊಳೆಯೋ ಕಾರು ಅದು. ಅಂಥದ್ದು ಇನ್ನೊಂದಿಲ್ಲ," ಎನ್ನುತ್ತಾರೆ.

"ಅರ್ಧ ಅಂದ್ರೆ, ಯಾವ ಕಡೆ ಮೇಡಂ?"

"ನೀವು ಕೂರೋ ಕಡೆ."