ಓ ಎನ್ನಬಾರದ ಕರೆ

ನಮ್ಮ ಕಡೆ ಯಾರ ಮನೆಗೆ ಹೋದರೂ ಹೊಸ್ತಿಲಾಚೆ ನಿಂತು ‘ಮನ್ಯಾಗ ಅದೀರೇನ್ರಿ?’ ಎಂದು ಕರೆಯಬೇಕು. ಬಾಗಿಲು ತೆರೆದೇ ಇರುತ್ತದೆ, ಮನೆಯವರು ಎದುರಿಗೇ ಕೂತು ಕಡಲೆ ಹಸನು ಮಾಡುತ್ತಿರುತ್ತಾರೆ, ಆದರೂ ಕರೆಯಬೇಕು. ಅವರು ‘ಅದೇವ್ರಿ, ಬರ್ರಿ’ ಎನ್ನಬೇಕು. ಕರೆದವರಿಗೆ ಓ ಎನ್ನದೆ ಕೂತವರನ್ನು ಊರು ಬಹಳ ದಿನ ಆಡಿಕೊಳ್ಳುತ್ತದೆ. ಕುಬಿಹಾಳದ ತವರಿನಲ್ಲಿ ಕಲಿತ ಈ ರೂಢಿಯನ್ನು ಕುಂದಗೋಳಕ್ಕೆ ಸೊಸೆಯಾಗಿ ಬಂದ ಮೇಲೂ ನಾನು ಬಿಟ್ಟವಳಲ್ಲ. ಹೀಗೆ ಓ ಎನ್ನುತ್ತಲೇ ಒಬ್ಬ ಹೆಣ್ಣುಮಗಳಿಗೆ ಸಂಕಟ ಕೊಡುತ್ತಿದ್ದೇನೆ ಎಂಬುದು ನನ್ನ ಕನಸಿನಲ್ಲೂ ಬಂದಿರಲಿಲ್ಲ.

ನಮ್ಮದು ಕಿರಾಣಿ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಫೋನಿನಲ್ಲೇ ಬ್ಲಾಗು ಬರೆಯುವುದು ನನಗೆ ಅಂಟಿಕೊಂಡ ಚಟ. ತವರಿನ ಬೀಸುಕಲ್ಲು, ಹಳೆಯ ಸೀರೆ ಸೇರಿಸಿ ಅವ್ವ ಹೊಲಿಯುತ್ತಿದ್ದ ಕೌದಿ, ಕೆರೆಯಿಂದ ನೀರು ಹೊತ್ತ ದಾರಿ, ಇಂಥವನ್ನೇ ಬರೆಯುತ್ತೇನೆ. ಬರೆಯುವುದು ಸುಖ, ಅದರ ಕೆಳಗೆ ಬಂದು ಬೀಳುವ ಕಮೆಂಟುಗಳು ಮಾತ್ರ ನನ್ನ ರಕ್ತ ಕುದಿಸುತ್ತಿದ್ದವು. ಓದದೆಯೇ ‘ಸೂಪರ್’ ಎಂದು ಹೋಗುವವರು. ಗುಲಾಬಿ ಹೂವು ಅಂಟಿಸಿ ಶುಭೋದಯ ಹೇಳುವವರು, ಅದೂ ಸಂಜೆ. ಕೂದಲು ಉದುರುತ್ತದೆಯೇ ಎಂದು ಕೇಳಿ ಎಣ್ಣೆ ಮಾರುವವರು. ‘ನೀವು ಯಾರ ಪೈಕಿ?’ ಎಂದು ಜಾತಿಯ ಬುಡ ಕೆದಕುವವರು. ಇನ್ನು ಕೆಲವರು ನನ್ನ ಬರಹವನ್ನು ಅಲ್ಲೇ ಬಿಟ್ಟು ತಮ್ಮತಮ್ಮಲ್ಲೇ ಬಡಿದಾಡುತ್ತಿದ್ದರು. ಅಂಗಡಿಗೆ ಬಂದು ಹೀಗೆ ಮಾಡಿದ್ದರೆ ಕೈಗೆ ಸಿಕ್ಕ ಬೆಲ್ಲದ ಹೆಂಟೆಯನ್ನೇ ಎತ್ತಿ ಒಗೆಯುತ್ತಿದ್ದೆ.

ಈ ಗದ್ದಲದ ನಡುವೆ ಒಬ್ಬರೇ ಒಬ್ಬರು ಮನೆಗೆ ಬಂದ ಹಾಗೆ ಬಂದರು. ಹೆಸರಿನ ಜಾಗದಲ್ಲಿ ‘ಗಿರಣಿಯವ’ ಎಂದಷ್ಟೇ ಇತ್ತು. ಬೀಸುಕಲ್ಲಿನ ಬರಹದ ಕೆಳಗೆ ಅವರ ಮೊದಲ ಕಮೆಂಟು: ‘ಮನ್ಯಾಗ ಅದೀರೇನ್ರಿ? ನಿಮ್ಮ ಬೀಸುಕಲ್ಲಿನ ಸುದ್ದಿ ಓದಿದೆ. ಆ ಕಲ್ಲ ಮೂಲಿಗೆ ಕುಂಡ್ರಿಸಿದಾಂವ ನಾನ. ನಂದು ಹಿಟ್ಟಿನ ಗಿರಣಿ ಐತ್ರಿ. ಸಿಟ್ಟಾಗಬ್ಯಾಡ್ರಿ. ಬರ್ತೇನ್ರಿ.’ ಅಂಗಡಿಯಲ್ಲಿ ಒಬ್ಬಳೇ ಕೂತು ನಕ್ಕೆ. ‘ಅದೇವ್ರಿ, ಬರ್ರಿ’ ಎಂದು ಬರೆದೆ.

ಆಮೇಲೆ ಅವರು ಪ್ರತಿ ಬರಹಕ್ಕೂ ಬಂದರು. ಮೊದಲು ಕರೆಯುವುದು, ಕಡೆಗೆ ಬರ್ತೇನ್ರಿ ಎನ್ನುವುದು, ನಡುವೆ ಒಂದಿಷ್ಟು ಮಾತು. ನಾನು ತಪ್ಪು ಬರೆದಿದ್ದರೆ ‘ನಮ್ಮ ಕಡೆ ಇದು ಬ್ಯಾರೆ ಥರಾ ಐತ್ರಿ’ ಎನ್ನುವರೇ ಹೊರತು ತಪ್ಪು ಎನ್ನುತ್ತಿರಲಿಲ್ಲ. ಜಗಳ ನಡೆದಿದ್ದ ಕಡೆ ಕಾಲಿಡುತ್ತಿರಲಿಲ್ಲ. ಜೋಳ ಬೀಸುವಾಗ ಗಿರಣಿಯ ಸಪ್ಪಳದಲ್ಲಿ ಯಾರ ಕೂಡ ಮಾತಾಡುವುದೂ ಆಗದು, ಅದಕ್ಕೇ ಬರೆಯುತ್ತೇನೆ ಎಂದು ಒಮ್ಮೆ ಹೇಳಿದ್ದರು. ‘ಯಮನೂರ ಜಾತ್ರಿಗೆ ಬಂದ್ರ ಹಂಗ ಹೋಗಬ್ಯಾಡ್ರಿ. ಬಾಜೂನ ನಮ್ಮೂರು, ಇರೂದು ಒಂದ ಗಿರಣಿ. ಯಾರರೆ ತೋರಸ್ತಾರ’ ಎಂದೂ ಕರೆದಿದ್ದರು. ಹೋಗೋಣ ಎಂದುಕೊಳ್ಳುತ್ತಲೇ ಇದ್ದೆ, ಹೋಗಲಿಲ್ಲ.

ಅವ್ವ ತೀರಿಕೊಂಡ ಮೇಲೆ ಅವಳ ಕೌದಿಯ ಬಗ್ಗೆ ಬರೆದೆ. ಅಳುತ್ತಲೇ ಬರೆದದ್ದು. ಎಣ್ಣೆ ಮಾರುವವನು ಅಲ್ಲಿಗೂ ಬಂದ. ಗಿರಣಿಯವರು ಬರೆದದ್ದು ಇಷ್ಟೇ: ‘ತಾಯಾರ ಸುದ್ದಿ ಓದಿದೆ. ಹೊತ್ತಿಗೆ ಸರಿಯಾಗಿ ಉಣ್ರಿ.’ ಕಡೆಗೆ ಬರ್ತೇನ್ರಿ ಎಂದಿರಲಿಲ್ಲ. ದೂರದ ಓದುಗರೊಬ್ಬರು ಅದರ ಕೆಳಗೆ, ಇಷ್ಟು ದಿನದ ಪರಿಚಯಕ್ಕೆ ಒಂದು ಸಾಲಿನ ಸಂತಾಪವೇ, ಹೇಳದೆ ಎದ್ದು ಹೋದ ಹಾಗಿದೆ ಎಂದು ಚುಚ್ಚಿದರು. ನಾನು ಉರಿದುಬಿದ್ದೆ. ಸಾವಾದ ಮನೆಯಿಂದ ಹೇಳಿ ಹೋಗಬಾರದು, ಮತ್ತೆ ಬರುತ್ತೇನೆ ಎಂದರೆ ಮತ್ತೆ ಇಂಥದ್ದಕ್ಕೇ ಬರುತ್ತೇನೆ ಎಂದ ಹಾಗೆ, ಸುಮ್ಮನೆ ಎದ್ದು ಹೋಗುವುದೇ ಮರ್ಯಾದೆ ಎಂದು ಉದ್ದಕ್ಕೆ ಬರೆದು ಅವರ ಬಾಯಿ ಮುಚ್ಚಿಸಿದೆ.

ಆದರೆ ಗಿರಣಿಯವರು ಅದಾದ ಮೇಲೆ ಬರಲೇ ಇಲ್ಲ. ಮಳೆಗಾಲ ಹೋಯಿತು, ಹಿಂಗಾರಿಯ ಬಿತ್ತನೆಯೂ ಮುಗಿಯಿತು. ಹೊಸದಾಗಿ ಬರೆದದ್ದರ ಕೆಳಗೆ ಎಲ್ಲರೂ ಇದ್ದರು, ಅವರಿಲ್ಲ.

ಒಂದು ಮಧ್ಯಾಹ್ನ ಫೋನು ಟಿಣ್ ಎಂದಿತು. ಗಿರಣಿಯವ. ಯಾವುದೋ ಕಾಲದ ಬೀಸುಕಲ್ಲಿನ ಬರಹದ ಕೆಳಗೆ, ಅವರ ಮೊದಲ ಕಮೆಂಟಿನ ಬುಡದಲ್ಲೇ: ‘ಮನ್ಯಾಗ ಅದೀರೇನ್ರಿ?’ ಅಷ್ಟೇ. ನನಗೆ ಆದ ಸಂತೋಷ ಹೇಳತೀರದು. ‘ಅದೇವ್ರಿ, ಬರ್ರಿ! ಎಲ್ಲೆ ಹೋಗಿದ್ರಿ?’ ಎಂದು ಒಡನೆ ಬರೆದೆ. ಉತ್ತರವಿಲ್ಲ. ಮರುದಿನ ಅದೇ ಹೊತ್ತಿಗೆ ಅದರ ಮುಂದಿನ ಬರಹದ ಕೆಳಗೆ ಅದೇ ಮಾತು. ಓ ಎಂದೆ. ಮತ್ತೆ ಮೌನ. ಹೀಗೆ ಒಂದೊಂದೇ ಹಳೆಯ ಬರಹದ ಕೆಳಗೆ ಬಂದು ಕರೆಯುವುದು, ನಾನು ಓ ಎನ್ನುವುದು, ಆಮೇಲೆ ಏನೂ ಇಲ್ಲ.

ನನಗೆ ಹೆದರಿಕೆಯಾಗತೊಡಗಿತು, ಸುಳ್ಳೇಕೆ ಹೇಳಲಿ. ಗಿರಾಕಿಗೆ ಸಕ್ಕರೆ ತೂಗುವಾಗ ಫೋನು ಸದ್ದು ಮಾಡಿದರೆ ತೂಕ ಮರೆತು ಮತ್ತೆ ಮೊದಲಿನಿಂದ ತೂಗುತ್ತಿದ್ದೆ. ಹಳೆಯ ಮನೆಯ ಕೋಣೆಗಳಲ್ಲಿ ಯಾರೋ ಒಂದೊಂದೇ ಬಾಗಿಲು ತಟ್ಟುತ್ತ ನಡೆದ ಹಾಗೆ ಅನಿಸುತ್ತಿತ್ತು. ಉಳಿದ ಓದುಗರು ದೆವ್ವ ಎಂದು ನಕ್ಕರು. ಯಾರೋ ಖಾತೆ ಕದ್ದಿದ್ದಾರೆ, ಎಲ್ಲವನ್ನೂ ಅಳಿಸಿಹಾಕಿ ಎಂದು ಒಬ್ಬರು ಬುದ್ಧಿ ಹೇಳಿದರು. ಜಗಳಗಂಟರ ಕಾಟ ಮೊದಲೇ ಸಾಕಾಗಿತ್ತು. ಕಮೆಂಟಿನ ಜಾಗವನ್ನೇ ಮುಚ್ಚುತ್ತೇನೆ, ಹೊಸದೂ ಬೇಡ ಹಳೆಯದೂ ಬೇಡ ಎಂದು ಬ್ಲಾಗಿನಲ್ಲಿ ಬರೆದೇಬಿಟ್ಟೆ. ಮುಚ್ಚುವ ಮುಂಚೆ ಒಮ್ಮೆ ಆ ಮನುಷ್ಯನ ಮುಖ ನೋಡಿ ಎರಡು ಮಾತು ಅಂದು ಬರೋಣ ಎಂದು ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ನವಲಗುಂದದ ಹಾದಿ ಹಿಡಿದೆ.

ಯಮನೂರಿನ ಬಾಜು ಊರಿನಲ್ಲಿ ಗಿರಣಿ ಎಲ್ಲಿ ಎಂದು ಕೇಳಿದಾಗ, ಕಟ್ಟೆಯ ಮೇಲಿದ್ದ ಹಿರಿಯರು ‘ಗಿರಣಿ ಈಗ ನಡ್ಯಾಂಗಿಲ್ರಿ’ ಎಂದು ಕೈಮಾಡಿ ತೋರಿಸಿದರು. ಯಾಕೆ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಗಿರಣಿಯ ಕದಕ್ಕೆ ಬೀಗ. ಚೌಕಟ್ಟಿನ ಮೇಲೆ ಹಿಟ್ಟು ಇನ್ನೂ ಬೆಳ್ಳಗೆ ಕೂತಿತ್ತು. ಬಾಜೂನೇ ಮನೆ, ಬಾಗಿಲು ತೆರೆದಿತ್ತು. ಹೊಸ್ತಿಲಾಚೆ ನಿಂತು ನಾನು ಕರೆದೆ.

‘ಮನ್ಯಾಗ ಅದೀರೇನ್ರಿ?’

ಒಳಗೆ ಸ್ಟೀಲಿನ ತಾಟು ಬಿದ್ದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಯಾರೂ ಓ ಎನ್ನಲಿಲ್ಲ. ಕಡೆಗೆ ವಯಸ್ಸಾದ ಹೆಣ್ಣುಮಗಳೊಬ್ಬರು ಗೋಡೆ ಹಿಡಿದುಕೊಂಡು ಬಂದರು. ನನ್ನನ್ನು ಕಂಡು ಅವರ ಮುಖ ಇಳಿದುಹೋಯಿತು.

‘ಯಾರವಾ ತಂಗಿ ನೀ?’

ಬ್ಲಾಗಿನ ಸುದ್ದಿ ಹೇಳಿದೆ. ಅವರು ಕೂರಿಸಿ ನೀರು ಕೊಟ್ಟರು, ಬೆಲ್ಲ ಕೊಟ್ಟರು. ನಾನು ನೀರು ಕುಡಿದಾದ ಮೇಲೆ ಹೇಳಿದರು.

‘ಅವ್ರ ಹೋದ್ರವಾ. ನೀ ತಾಯಿ ಸುದ್ದಿ ಬರದಿದ್ದೆಲ್ಲಾ, ಅದರ ಮರು ವಾರನ. ಗಿರಣಿ ಚಾಲೂ ಇತ್ತು, ಅಲ್ಲೇ ಕುಂತವ್ರು ಕುಂತಂಗ ಹೋದ್ರು.’

‘ಮತ್ತ ಫೋನಿನ್ಯಾಗ ಕರಿಯೂದು?’

‘ನಾನವಾ. ನನಗ ಓದಾಕ ಬರ್ತೈತಿ, ಬರಿಯಾಕ ಅಷ್ಟ ಬರಂಗಿಲ್ಲ. ಒಂದು ಅಕ್ಷರ ಒತ್ತಿದ್ರ ಸಾಕು, ಮುಂದಿಂದು ತಾನ ಬರ್ತೈತಿ. ಅವ್ರು ದಿನಾ ಬರದ ಬರದ ಫೋನಿಗೆ ರೂಢಿ ಆಗೇತಿ.’ ಅವರು ಸೆರಗಿನಿಂದ ಫೋನಿನ ಗಾಜು ಒರೆಸಿದರು. ‘ಮನ್ಯಾಗ ಅವ್ರದು ಮಾತ ಕಡಿಮಿ. ಉಂಡ್ರೇನು ಅಂದ್ರ ಹೂಂ. ಅಷ್ಟ. ನಿನ್ನ ಕಡೆ ಬಂದು ಇಷ್ಟ ಮಾತಾಡ್ಯಾರ ಅಂತ ಹೋದ ಮ್ಯಾಲ ಗೊತ್ತಾತು. ದಿನಾ ಒಂದೊಂದ ಓದತೇನಿ. ಒಮ್ಮೇಲೆ ಓದಿದ್ರ ಮುಗದ ಹೋಗ್ತೈತಿ.’

‘ಓದೂಕಿಂತ ಮದಲ ಕರೀತೀರಿ.’

‘ಅವ್ರು ಇದ್ದಲ್ಲಿಗೆ ಕರೀಲಾರ್ದ ಹೆಂಗ ಹೋಗ್ಲಿ?’

ನಾನು ಇಷ್ಟು ದಿನ ಓ ಎಂದದ್ದು ನನ್ನನ್ನು ಕರೆದದ್ದಕ್ಕಲ್ಲ.

ಅವರು ತಡವರಿಸುತ್ತ ಕೇಳಿದರು, ‘ಒಂದ ಮಾತ ಹೇಳ್ಲೇನವಾ? ಸಿಟ್ಟಾಗಬ್ಯಾಡ. ನಾ ಕರದ ಕೂಡ್ಲೆ ಫೋನು ಟಿಣ್ ಅಂತೈತಿ. ಅದೇವ್ರಿ ಬರ್ರಿ ಅಂತ ಬಂದಿರ್ತೈತಿ. ನೀನ ಅಂತ ಗೊತ್ತೈತಿ. ಖರೇನ ಗೊತ್ತೈತಿ. ಆದ್ರೂ ಎದಿ ಧಸಕ್ಕಂತೈತಿ. ಈಗ ನೀ ಬಾಗಲಾಗ ಕರದಾಗ ಆತ ನೋಡು, ಹಂಗ.’

ನಾನು ನನ್ನ ಭಯದ ಬಗ್ಗೆ ದೂರಲು ಬಂದವಳು. ನಾನು ಓ ಎಂದಾಗಲೆಲ್ಲ ಈ ಜೀವ ಅಡುಗೆಮನೆಯಲ್ಲಿ ಹೀಗೆ ಬೆಚ್ಚಿ ಬೀಳುತ್ತಿತ್ತು. ಅತ್ತುಬಿಟ್ಟೆ. ಅವರು ಅಳಲಿಲ್ಲ. ನನ್ನ ಕೈಯಿಂದ ಲೋಟ ತೆಗೆದು ಬದಿಗಿಟ್ಟು, ಬಂದಾಗಿನಿಂದ ಕೇಳಬೇಕೆಂದಿದ್ದ ಮಾತನ್ನು ಆಗ ಕೇಳಿದರು.

‘ಮುಚ್ಚತೇನಿ ಅಂತ ಬರದೀಯಲಾ, ಮುಚ್ಚಿದ್ರ ಅವ್ರ ಮಾತೂ ಹೋಗ್ತಾವೇನು?’

‘ಮುಚ್ಚಂಗಿಲ್ರೀ ಅವ್ವಾರ’ ಎಂದೆ.

ಅವರು ತಲೆಯಾಡಿಸಿದರು. ನಾನು ಏಳುವಾಗ ರೂಢಿಯಂತೆ ಬರ್ತೇನ್ರಿ ಎನ್ನಲು ಬಾಯಿ ತೆರೆದು, ನುಂಗಿಕೊಂಡೆ. ಏನೂ ಹೇಳದೆ ಹೊರಬಿದ್ದೆ. ಅವರೂ ಬಾಗಿಲವರೆಗೆ ಬರಲಿಲ್ಲ. ಬಸ್ಸಿನಲ್ಲಿ ಕೂತು, ಆ ಕರೆಗಳ ಕೆಳಗೆ ನಾನು ಬರೆದಿದ್ದ ಉತ್ತರಗಳನ್ನೆಲ್ಲ ಅಳಿಸಿದೆ.

ಕಮೆಂಟಿನ ಜಾಗ ಈಗಲೂ ತೆರೆದಿದೆ. ಎಣ್ಣೆ ಮಾರುವವನು ಬರುತ್ತಾನೆ, ಜಗಳಗಂಟರು ಬರುತ್ತಾರೆ, ಅವರನ್ನು ಹೊರಗೆ ಹಾಕುವುದೇ ನನಗೊಂದು ಕೆಲಸ. ಮಧ್ಯಾಹ್ನದ ಕರೆಗೆ ಮಾತ್ರ ನಾನು ಓ ಎನ್ನುವುದಿಲ್ಲ. ಯಾರೋ ಪಾಪ ಅಷ್ಟು ಸಲ ಕರೆದರೂ ಉತ್ತರ ಕೊಡುವುದಿಲ್ಲ, ಎಂಥ ಸೊಕ್ಕು ಎಂದು ಹೊಸ ಓದುಗರೊಬ್ಬರು ಬರೆದಿದ್ದಾರೆ. ಅದಕ್ಕೂ ಉತ್ತರ ಕೊಟ್ಟಿಲ್ಲ. ಬೈಸಿಕೊಂಡು ಸುಮ್ಮನಿರುವುದು ನನ್ನ ಸ್ವಭಾವಕ್ಕೆ ಎಷ್ಟು ಕಷ್ಟ ಎಂದು ನನ್ನ ಗಂಡನಿಗೆ ಗೊತ್ತು.

ನಿನ್ನೆ ಆ ಅವ್ವಾರು ಕೊನೆಯ ಕಮೆಂಟಿಗೆ ಬಂದು ಮುಟ್ಟಿದರು. ಅವ್ವನ ಕೌದಿಯ ಬರಹ, ಅದರ ಕೆಳಗೆ ಗಿರಣಿಯವರ ‘ಹೊತ್ತಿಗೆ ಸರಿಯಾಗಿ ಉಣ್ರಿ’, ಅದರ ಕೆಳಗೆ ‘ಮನ್ಯಾಗ ಅದೀರೇನ್ರಿ?’ ನಾನು ಅಂಗಡಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಬೆರಳು ತಾನಾಗಿ ಅಕ್ಷರಗಳ ಮೇಲೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಇಂದು ಮಧ್ಯಾಹ್ನ ಫೋನು ಮತ್ತೆ ಟಿಣ್ ಎಂದಿತು. ಬೀಸುಕಲ್ಲಿನ ಬರಹದ ಕೆಳಗೆ ಅವರು ಮೊದಲಿನಿಂದ ಕರೆಯಲು ಶುರುಮಾಡಿದ್ದರು.