ಸಾಲಿಗೆ ಅಡ್ಡ ಕೂತ ಸ್ಟೂಲು

ಪಕ್ಕದ ಮನೆಯ ಅಂಕಲ್ ಅವರ ಬಲಗೈ ತೋರುಬೆರಳು ಅರ್ಧಕ್ಕೇ ಮುಗಿಯುತ್ತಿತ್ತು. ಆ ಮೋಟುಬೆರಳಿನಿಂದಲೇ ಪ್ರತಿ ಕಾಡತೂಸನ್ನೂ ಸವರಿ, ಬಿರುಕು ಹುಡುಕುತ್ತಿದ್ದರು. ಬೆರಳಿಗೆ ಏನಾಯಿತೆಂದು ಕೇಳಿದರೆ, “ಅವಸರ ತಿಂತು” ಎನ್ನುತ್ತಿದ್ದರು.

ಧಾರವಾಡದ ಕಡೆಯವರು. ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿದ್ದವರು, ಮಗಳ ಜೊತೆ ಇರಲು ಪರದೇಶದ ಈ ಅಪ್ಪರ್ ಹಟ್ ಊರಿಗೆ ಬಂದು ಇಲ್ಲಿನ ರೈಫಲ್ ಕ್ಲಬ್ಬಿನ ಸುರಕ್ಷತಾಧಿಕಾರಿಯಾಗಿದ್ದರು. ನರ್ಸ್ ಡ್ಯೂಟಿಯಿಂದ ತಲೆಕೆಟ್ಟಿದ್ದ ನನ್ನನ್ನು ಅಲ್ಲಿಗೆ ಎಳೆದೊಯ್ದು ಗುರಿ ಹಿಡಿಯಲು ಕಲಿಸಿದವರೂ ಅವರೇ.

ಒಂದು ಶನಿವಾರ ಹಿರಿಯ ಸದಸ್ಯರೊಬ್ಬರು, ಅಜ್ಜನ ಶೆಡ್‌ನಲ್ಲಿ ಸಿಕ್ಕಿದ್ದ ಯುದ್ಧಕಾಲದ ಕಾಡತೂಸುಗಳ ಪೆಟ್ಟಿಗೆಯನ್ನು ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ಹಾಕಿಕೊಂಡು ಬಂದರು. ಅಂಕಲ್ ಚಹಾ ಕುಡಿದು ಬರುವಷ್ಟರಲ್ಲಿ ಆ ಮಹಾಶಯರ ಮಾತು ಕೇಳಿ ನಾನು ಒಂದನ್ನು ಬಂದೂಕಿಗೆ ತುಂಬಿ ಕುದುರೆ ಎಳೆದೇಬಿಟ್ಟಿದ್ದೆ. ಬರೀ ‘ಟಕ್’ ಎಂದಿತು. ಹಾಳಾಗಿದೆ ಎಂದುಕೊಂಡು ಅದನ್ನು ಹೊರತೆಗೆಯಲು, ಗುಂಡಿನ ಕೋಣೆ ತೆರೆಯುವ ಬೋಲ್ಟಿಗೆ ಕೈ ಹಾಕಿದೆ. ಹಿಂದಿನಿಂದ ಬಂದ ಮೋಟುಬೆರಳಿನ ಕೈ ನನ್ನ ಕೈಯನ್ನು ಅದುಮಿ ಹಿಡಿಯಿತು.

“ತಗೀಬ್ಯಾಡ! ಬಂದೂಕಿನ ಮೂತಿ ಮುಂದ ಇರ್ಲಿ. ಅರವತ್ತು ಎಣಸು!”

ಒಂದು, ಎರಡು, ಮೂರು. ನಾಲ್ಕು ಎನ್ನುವಷ್ಟರಲ್ಲಿ ಢಮ್ಮೆಂದಿತು. ಬೋಲ್ಟ್ ತೆರೆದಿದ್ದರೆ ಅದು ನನ್ನ ಮುಖದೆದುರೇ ಸಿಡಿಯುತ್ತಿತ್ತು.

“ಅದೊಂದು ಕೆಟ್ಟಿರಬಹುದು, ಉಳಿದವು ಸೀಲ್ ಆಗಿರೋ ಡಬ್ಬಿಯವು” ಎಂದು ಹಿರಿಯರು ಇಂಗ್ಲಿಷಿನಲ್ಲಿ ವಾದಿಸಿದರು. ಅಂಕಲ್ ಸ್ಟೂಲೊಂದನ್ನು ಎಳೆದು ತಂದು ಗುಂಡು ಹೊಡೆಯುವ ಸಾಲಿಗೆ ಅಡ್ಡ ಇಟ್ಟು ಕೂತರು. “ನೋ” ಎಂದರು. ಅವರ ಇಂಗ್ಲಿಷ್ ಅಂದು ಅಷ್ಟಕ್ಕೇ ಮುಗಿಯಿತು. ಸುರಕ್ಷತಾಧಿಕಾರಿಯ ಬ್ಯಾಡ್ಜ್ ಕಿತ್ತುಕೊಳ್ಳಬೇಕಾಗುತ್ತದೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಗುರುಗುಟ್ಟಿದಾಗ ತಾವೇ ಬಿಚ್ಚಿ ಅವರ ಕೈಗಿಟ್ಟರು. ಆಮೇಲೂ ಏಳಲಿಲ್ಲ.

ನನಗೋ ನಾಚಿಕೆ. “ಬಿಡಿ ಅಂಕಲ್, ಎಲ್ರೂ ನೋಡ್ತಿದಾರೆ” ಎಂದೆ.

“ನೋಡ್ಲಿ ಬಿಡವ್ವಾ. ನಿನ್ನ ಕಣ್ಣೆರಡೂ ನೆಟ್ಟಗ ಅದಾವಲ್ಲ, ನೀನೂ ನೋಡು.”

ಆ ಪೆಟ್ಟಿಗೆ ಯೂಟ್ ಹತ್ತಿ ವಾಪಸು ಹೋಯಿತು. ಅಂಕಲ್‌ಗೆ ಬ್ಯಾಡ್ಜ್ ಮಾತ್ರ ಯಾರೂ ಹಿಂದಿರುಗಿಸಲಿಲ್ಲ. ಕಳೆದ ಜುಲೈನಲ್ಲಿ, ಇಲ್ಲಿನ ಚಳಿಗಾಲದಲ್ಲಿ, ಅವರು ತೀರಿಕೊಂಡಾಗ ಕ್ಲಬ್ಬಿನವರು ಹೂಗುಚ್ಛ ಕಳಿಸಿ ಕೈತೊಳೆದುಕೊಂಡರು. ನನಗೆ ಇನ್ನೂ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಈಗ ಆ ಬ್ಯಾಡ್ಜ್ ನನ್ನ ಎದೆಯ ಮೇಲಿದೆ. ಪರೀಕ್ಷೆ ಕಟ್ಟಿ, ಹಟ ಹಿಡಿದು ಪಡೆದದ್ದು. ಹೋದ ತಿಂಗಳು ಅದೇ ಹಿರಿಯರು ಅದೇ ಪೆಟ್ಟಿಗೆಯೊಡನೆ ಮತ್ತೆ ಬಂದರು. “ಆ ಮುದುಕ ಈಗ ಇಲ್ಲವಲ್ಲ, ಹೊಡೆಯೋಣ” ಎಂದು ನಕ್ಕರು.

ನಾನು ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟೆ. ಅಂಕಲ್ ಅವರ ಸ್ಟೂಲನ್ನು ಸಾಲಿಗೆ ಅಡ್ಡ ಎಳೆದುಕೊಂಡು, “ನೋ” ಎಂದು ಕೂತೆ. ಅವರು ಪೆಟ್ಟಿಗೆ ಹೊತ್ತು ಹೋಗುವುದನ್ನು ಎರಡೂ ಕಣ್ಣುಗಳಿಂದ ನೋಡಿದೆ.