ಬಚ್ಚಲ ಕಲ್ಲಿನ ಮೇಲೆ ದೇವರ ವಿಚಾರಣೆ

ನಮ್ಮ ಕಡೆ ಮನುಷ್ಯ ಅಂಬೆಗಾಲಿಡುವುದು ಶಹಾಬಾದ್ ಫರ್ಸಿ ಹಾಸುಗಲ್ಲಿನ ಮೇಲೆ, ಉಂಡು ಬಾಯಿ ಮುಕ್ಕಳಿಸುವುದು ಅದರ ಮೇಲೆ, ಬೇಸಿಗೆಯ ಮಧ್ಯಾಹ್ನ ಸೆರಗು ಹಾಸಿ ಅಡ್ಡಾಗುವುದೂ ಅದರ ಮೇಲೆಯೇ. ಇಷ್ಟು ಸಲಿಗೆಯ ಕಲ್ಲು ಒಂದು ದಿನ ದೇವರಾಗಿಬಿಟ್ಟರೆ ಮನೆಯವರ ಗತಿ ಏನಾಗುತ್ತದೆಂದು ಕೇಳಿ. ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಶಹಾಬಾದಿನಲ್ಲಿರುವ ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ನಾಯಿತು. ವಾರಗಟ್ಟಲೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡ ಮೇಲೆ, ಗಾಯ ಮಾಯ್ದಿದೆ, ಕುಳಿತು ಜಳಕ ಮಾಡಬಹುದು ಎಂದರು ಡಾಕ್ಟರು. ಹಬ್ಬ ಬಂದಂತೆ ಹಿಗ್ಗಿದಳು. ಸವೆದು ನುಣುಪಾಗಿದ್ದ ಹಳೆಯ ಕಲ್ಲು ಕಿತ್ತು ಒರಟು ಮುಖದ ಹೊಸ ಫರ್ಸಿ ಕೂಡಿಸಲು ಗೌಂಡಿ ಬಂದ. ಅಂಗಳದಲ್ಲಿ ಅದನ್ನು ಮಲಗಿಸಿ ನೀರು ಸುರಿದು ತೊಳೆದನೋ ಇಲ್ಲವೋ, ಕಂದು ಬಣ್ಣದ ಗುರುತೊಂದು ಎದ್ದು ಕಂಡಿತು: ಕೆಳಗೆ ಪೀಠ, ಮೇಲೆ ಲಿಂಗ. ಗೌಂಡಿ ಕರಣಿ ಕೆಳಗಿಟ್ಟ.

"ಯವ್ವಾ, ಇದರ ಮ್ಯಾಲ ಜಳಕಾ ಮಾಡಂಗಿಲ್ಲರಿ. ಪಾಪ ಹತ್ತತದ. ನನ್ನ ಕೈಲೆ ಆಗಲ್ಲ" ಎಂದು ಹೊರಟೇ ಹೋದ.

ಬಚ್ಚಲು ಅಗೆದ ತಗ್ಗಾಗಿ ಉಳಿಯಿತು. ಓಣಿಯವರು ಬಂದರು, ಕುಂಕುಮ ಬಂತು, ತೆಂಗಿನಕಾಯಿ ಬಂತು. ಮರುದಿನ ಹಿಂದಿನ ಓಣಿಯ ನಿವೃತ್ತ ವಿಜ್ಞಾನ ಮಾಸ್ತರರು ಆಸಿಡ್ ಬಾಟಲಿ ಹಿಡಿದು ಬಂದರು. ಇದು ನೆಲದೊಳಗಿನ ನೀರು ಬಿಟ್ಟ ಕಬ್ಬಿಣದ ಕಲೆ, ದೇವರೂ ಇಲ್ಲ ದಿಂಡರೂ ಇಲ್ಲ, ಈಗಲೇ ಸಾಬೀತು ಮಾಡುತ್ತೇನೆ ಎಂದರು. "ಹಚ್ಚಿ ನೋಡ್ರಿ, ಕೈ ಸೇದಿ ಹೋಗ್ತಾವ!" ಎಂದರು ಭಕ್ತರು. ವಾದ ಆ ಸಂಜೆಗೂ ಮುಗಿಯಲಿಲ್ಲ, ಮರುದಿನಕ್ಕೂ ಮುಗಿಯಲಿಲ್ಲ. ಚಿಗವ್ವನ ಆರೈಕೆಗೆಂದು ಬಂದಿದ್ದ ನಾನು ಚಿತ್ತಾಪುರದಲ್ಲಿ ತರ್ಕಶಾಸ್ತ್ರ ಕಲಿಸುವವಳೆಂದು ಎರಡೂ ಪಕ್ಷದವರು ನನ್ನ ಕಡೆ ತಿರುಗಿ, "ನೀವೇ ಹೇಳ್ರಿ ಮೇಡಂ" ಎಂದರು.

ಏನು ಹೇಳಲಿ ಗೆಳೆಯರೆ? ಕಲೆಯೊಂದು ಲಿಂಗದಂತೆ ಕಂಡ ಮಾತ್ರಕ್ಕೆ ದೇವರಿದ್ದಾನೆ ಎನ್ನುವುದಾದರೆ, ಗಣಿಯಿಂದ ಲಾರಿ ಲಾರಿ ಹೊರಬೀಳುವ ಬರಿಗಲ್ಲುಗಳೆಲ್ಲ ಅವನಿಲ್ಲವೆಂದು ಸಾಕ್ಷಿ ನುಡಿಯಬೇಡವೇ? ಕಲೆ ಕಬ್ಬಿಣದ್ದೆಂದು ತೋರಿಸಿದರೆ ಕಬ್ಬಿಣದ ಗುಣ ತಿಳಿಯಿತೇ ಹೊರತು ದೇವರಿಲ್ಲವೆಂಬ ತೀರ್ಪು ಅದರಿಂದ ಹೇಗೆ ಬಂತು? ಇದ್ದಾನೆಂದು ತೋರಿಸಲು ಎದುರಿಗೆ ತಂದು ನಿಲ್ಲಿಸಬೇಕು; ಇಲ್ಲವೆಂದು ತೋರಿಸಲು ಇರಬಹುದಾದ ಎಡೆಗಳನ್ನೆಲ್ಲ ಜಾಲಾಡಿರಬೇಕು; ಎರಡೂ ನಮ್ಮ ಅಳವಿನವಲ್ಲ. ಹಾಗೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನಿದೆ? ನನಗೆ ಸಿಟ್ಟು ಬಂದದ್ದು ಅವರ ತರ್ಕದೋಷಕ್ಕಲ್ಲ. ಅಷ್ಟು ಗಂಡಸರು ಅಂಗಳ ತುಂಬಿ, ಕಣ್ಣಿಗೆ ಕಾಣದ ಪರಮಾತ್ಮನಿಗಾಗಿ ಗಂಟಲು ಹರಿದುಕೊಳ್ಳುತ್ತಿರುವಾಗ, ಒಳಗೆ ಹೆಂಗಸೊಬ್ಬಳು ಬೆವರಿನಲ್ಲಿ ಮೈ ತುರಿಸಿಕೊಳ್ಳುತ್ತ ಕೂತಿದ್ದಳು. ಅವಳಿದ್ದಾಳೆ ಎನ್ನಲು ಯಾವ ಪುರಾವೆಯೂ ಬೇಕಿರಲಿಲ್ಲ. ಆದರೂ ಒಬ್ಬನಾದರೂ "ಯವ್ವಾ, ಜಳಕಾ ಆಯ್ತೇನು?" ಎಂದು ಕೇಳಲಿಲ್ಲ. ಥೂ, ಇವರ ಜ್ಞಾನಕ್ಕಿಷ್ಟು, ಇವರ ಭಕ್ತಿಗಿಷ್ಟು!

"ಮೊದಲ ಅಂಗಳ ಖಾಲಿ ಮಾಡ್ರಿ" ಎಂದು ಗದರಿದೆ.

"ತಡೀರಿ ಮೇಡಂ, ಇದು ಫೈಸಲಾ ಆಗ್ಲಿ" ಎಂದರು ಮಾಸ್ತರರು. ಭಕ್ತರೂ ಹೂಂಗುಟ್ಟಿದರು.

ಆಗ ವಾಕರ್ ಊರುತ್ತ ಚಿಗವ್ವ ತಾನೇ ಹೊರಗೆ ಬಂದಳು. ನನ್ನಿಂದ ಸ್ಟೂಲು ತರಿಸಿ ಆ ಫರ್ಸಿಯ ಮೇಲೆಯೇ ಇಡಿಸಿದಳು, ಬಿಸಿನೀರಿನ ಬಕೇಟು ಪಕ್ಕಕ್ಕಿಡಿಸಿದಳು.

"ಯವ್ವಾ, ಅದರಾಗ ದೇವರದಾನರಿ!" ಎಂದು ಒಬ್ಬ ಚೀರಿದ.

"ಏನೂ ಇಲ್ಲ, ಆರಾಮ ಕುಂದ್ರಿ" ಎಂದರು ಮಾಸ್ತರರು, ಗೆದ್ದವರಂತೆ.

ಚಿಗವ್ವ ಇಬ್ಬರನ್ನೂ ನೋಡಿದಳು. "ಅವ ಇದ್ರ ನನ್ನ ನೋವು ಅವಂಗ ಗೊತ್ತದ. ಇಲ್ಲಂದ್ರ ಕಲ್ಲು ನಂದದ. ನಡುವ ನೀವ್ಯಾರು?"

ಸ್ಟೂಲಿನ ಮೇಲೆ ಕೂತು, ಉಟ್ಟ ಸೀರೆಯಲ್ಲೇ, ಅಷ್ಟೂ ಜನರ ಎದುರು ಒಂದು ಚೊಂಬು ನೀರನ್ನು ನೆತ್ತಿಯ ಮೇಲೆ ಸುರಿದುಕೊಂಡಳು. ಭಕ್ತರೂ ಮಾಸ್ತರರೂ ತಟ್ಟನೆ ಒಂದೇ ದಿಕ್ಕಿಗೆ ಮುಖ ತಿರುಗಿಸಿ, ಒಬ್ಬರನ್ನೊಬ್ಬರು ತಳ್ಳಾಡುತ್ತ ಬಾಗಿಲಾಚೆ ನಡೆದರು. ಎಷ್ಟೋ ದಿನದ ಮೇಲೆ ಮೈಮೇಲೆ ಇಳಿದ ನೀರಿನ ಸುಖಕ್ಕೆ ಚಿಗವ್ವ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಸಾಬೂನು ನನ್ನ ಕೈಗೆ ಕೊಟ್ಟು, "ಬೆನ್ನು ತಿಕ್ಕು, ಜೋರಲೆ ತಿಕ್ಕು" ಎಂದಳು.